ಬಾರಾಮಹಲಿನ ಋಣ: ಆಕರ ನಿರ್ದೇಶನದ ಚರಿತ್ರೆ ಮತ್ತು ಗಡಿನಾಡಿನ ವಿದ್ಯಾರ್ಥಿ ಪ್ರಬಂಧ

‘ರೈತವಾರಿ ಪದ್ಧತಿಯನ್ನು ಸರ್ ಥಾಮಸ್ ಮನ್ರೋ ಜಾರಿಗೆ ತಂದನು’ ಎಂಬ ಅರ್ಥದ ವಾಕ್ಯ ಶಾಲೆಯ ಪಠ್ಯದಿಂದ ಹಿಡಿದು ಸ್ನಾತಕೋತ್ತರ ಪ್ರಬಂಧದವರೆಗೆ ಎಲ್ಲೆಡೆ ಕಾಣಸಿಗುತ್ತದೆ. ಇದಕ್ಕೆ ಅಡಿಟಿಪ್ಪಣಿ ಕೊಡಬೇಕೆಂದು ಯಾರಿಗೂ ತೋರುವುದಿಲ್ಲ. ಎಲ್ಲರಿಗೂ ತಿಳಿದ ವಿಷಯಕ್ಕೆ ಆಕರವೇಕೆ ಎಂಬುದು ಸಾಮಾನ್ಯವಾದ ಸಮಾಧಾನ. ಆದರೆ ಈ ಪದ್ಧತಿ ಮೊದಲು ರೂಪುಗೊಂಡ ನೆಲ ಇಂದಿನ ಕೃಷ್ಣಗಿರಿ, ಧರ್ಮಪುರಿ, ತಿರುಪ್ಪತ್ತೂರು, ಸೇಲಂ ಸೀಮೆ. ಅಲ್ಲಿನ ದಾಖಲೆಗಳನ್ನು ತೆರೆದು ನೋಡಿದರೆ ಈ ವಾಕ್ಯದ ಕರ್ತೃಪದವೇ ಅಲುಗಾಡತೊಡಗುತ್ತದೆ. ಯಾರ ಕೆಲಸ ಯಾರ ಹೆಸರಿನಲ್ಲಿ ನಿಂತಿತು, ನಡುವೆ ಯಾರ ಹೆಸರು ಬಿದ್ದುಹೋಯಿತು ಎಂಬ ಪ್ರಶ್ನೆ ಇಲ್ಲಿ ಚರಿತ್ರೆಯ ಪ್ರಶ್ನೆಯೇ ಆಗುತ್ತದೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಕೃತಿಚೌರ್ಯವನ್ನು ತಡೆಯುವ ಚರ್ಚೆ ಬಹುಮಟ್ಟಿಗೆ ನಿಯಮ, ಶಿಕ್ಷೆ, ಶೇಕಡಾವಾರು ಲೆಕ್ಕಗಳಲ್ಲೇ ಮುಗಿಯುತ್ತದೆ. ಹೊಸೂರು–ಕೃಷ್ಣಗಿರಿಯಂಥ ಬಹುಭಾಷಾ ಪ್ರದೇಶದ ಚರಿತ್ರೆಯನ್ನು ಬರೆಯುವವರಿಗೆ ಆ ಚರ್ಚೆ ಅದಕ್ಕಿಂತ ಆಳವಾದುದು.

ರೀಡ್, ಮನ್ರೋ ಮತ್ತು ಹೆಸರಿಲ್ಲದವರು

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಮತ್ತು ಸೇಲಂ ಪ್ರದೇಶಗಳು ಟಿಪ್ಪು ಸುಲ್ತಾನನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಇವುಗಳ ಆಡಳಿತವನ್ನು ಮದರಾಸಿನ ಸಿವಿಲ್ ಅಧಿಕಾರಿಗಳಿಗೆ ವಹಿಸದೆ ಸೇನಾಧಿಕಾರಿ ಅಲೆಕ್ಸಾಂಡರ್ ರೀಡನಿಗೆ ವಹಿಸಿದನು. ದೇಶಭಾಷೆಗಳ ಪರಿಚಯ ಈ ಸೇನಾಧಿಕಾರಿಗಳಿಗಿತ್ತು, ಸಿವಿಲ್ ಅಧಿಕಾರಿಗಳಿಗೆ ಅಷ್ಟಾಗಿ ಇರಲಿಲ್ಲ ಎಂಬುದು ಇದಕ್ಕೆ ಮುಖ್ಯ ಕಾರಣ. ರೀಡನ ಕೈಕೆಳಗೆ ಮೂವರು ಸಹಾಯಕರಿದ್ದರು. ಉತ್ತರ ಭಾಗಕ್ಕೆ ಗ್ರಹಾಂ, ಮಧ್ಯ ಭಾಗಕ್ಕೆ ಮನ್ರೋ, ದಕ್ಷಿಣ ಭಾಗಕ್ಕೆ ಮ್ಯಾಕ್ಲಿಯಾಡ್. ಹೊಲಹೊಲವನ್ನೂ ಅಳೆದು, ಮಧ್ಯವರ್ತಿಗಳಿಲ್ಲದೆ ನೇರವಾಗಿ ರೈತನೊಡನೆ ಕಂದಾಯವನ್ನು ಗೊತ್ತುಮಾಡುವ ಕ್ರಮ ಈ ವರ್ಷಗಳಲ್ಲಿ ಬೆಳೆಯಿತು. 1796ರ ಡಿಸೆಂಬರ್ 10ರಂದು ರೀಡ್ ಹೊರಡಿಸಿದ ಪ್ರಕಟಣೆ ಈ ಬೆಳವಣಿಗೆಯ ಮುಖ್ಯ ಘಟ್ಟ. ಹೊಸೂರು ಸೀಮೆ ಆಗ ಇನ್ನೂ ಮೈಸೂರಿನಲ್ಲೇ ಇತ್ತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದು ಕಂಪನಿಯ ವಶವಾಗಿ ಸೇಲಂ ಜಿಲ್ಲೆಯ ಭಾಗವಾಯಿತು.

ಮನ್ರೋ ಮುಂದೆ ಕೆನರಾದಲ್ಲಿಯೂ ದತ್ತ ಮಂಡಲಗಳಲ್ಲಿಯೂ ಆಡಳಿತ ನಡೆಸಿ, 1820ರಲ್ಲಿ ಮದರಾಸಿನ ಗವರ್ನರನಾದನು. ಅವನ ಪತ್ರಗಳನ್ನು ಒಳಗೊಂಡ ಗ್ಲೆಗ್‌ನ ಜೀವನಚರಿತ್ರೆ 1830ರಲ್ಲಿ ಹೊರಬಂದಿತು. ಚಾಂಟ್ರಿ ಕೆತ್ತಿದ ಅವನ ಅಶ್ವಾರೂಢ ಪ್ರತಿಮೆ 1839ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾಯಿತು. ಅತ್ತ ರೀಡ್ ಕಾಲದ ಕಾಗದಪತ್ರಗಳು ಸರ್ಕಾರದ ದಾಖಲೆಗಳ ನಡುವೆಯೇ ಉಳಿದು, ‘ಬಾರಾಮಹಲ್ ರೆಕಾರ್ಡ್ಸ್’ ಎಂಬ ಹೆಸರಿನಲ್ಲಿ ಬಿಡಿ ಬಿಡಿ ವಿಭಾಗಗಳಾಗಿ ಅಚ್ಚಾಗತೊಡಗಿದ್ದು 1907ರಲ್ಲಿ. ನೀಲಮಣಿ ಮುಖರ್ಜಿಯವರು 1962ರ ತಮ್ಮ ಅಧ್ಯಯನದಲ್ಲಿ ಮದರಾಸಿನ ರೈತವಾರಿ ಪದ್ಧತಿಯ ಕಥೆಯನ್ನು ಮನ್ರೋನ ಗವರ್ನರ್‌ಗಿರಿಯಿಂದಲ್ಲ, 1792ರ ಬಾರಾಮಹಲಿನಿಂದ ಆರಂಭಿಸಿದರು.

ಇಲ್ಲಿ ಯಾರೂ ಕದ್ದಿಲ್ಲ ಎಂಬುದನ್ನು ಗಮನಿಸಬೇಕು. ಮನ್ರೋ ರೀಡನ ಕೆಲಸವನ್ನು ತನ್ನದೆಂದು ಬರೆದುಕೊಂಡವನಲ್ಲ. ಪದ್ಧತಿಯನ್ನು ವಿಸ್ತರಿಸಿದ, ಅದರ ಪರವಾಗಿ ವಾದಿಸಿ ಗೆದ್ದ ಶ್ರೇಯಸ್ಸು ಅವನಿಗೆ ನ್ಯಾಯವಾಗಿಯೇ ಸಲ್ಲುತ್ತದೆ. ಆದರೆ ಒಬ್ಬ ಲೇಖಕ ಇನ್ನೊಬ್ಬನ ಪುಸ್ತಕವನ್ನು, ಮೂರನೆಯವನು ಎರಡನೆಯವನ ಪುಸ್ತಕವನ್ನು ಆಧರಿಸಿ ಬರೆಯುತ್ತ ಹೋದಂತೆ, ಸುಲಭವಾಗಿ ಸಿಗುವ ಹೆಸರು ಉಳಿದು ದಾಖಲೆಯೊಳಗಿನ ಹೆಸರು ಮಾಸಿತು. ಮೂಲವನ್ನು ನೋಡದೆ ನಡುವಿನ ಕೃತಿಯನ್ನು ನಂಬುವ ಅಭ್ಯಾಸ ಕಳ್ಳತನದ ಉದ್ದೇಶವಿಲ್ಲದೆಯೂ ಒಬ್ಬನ ದುಡಿಮೆಯನ್ನು ಇನ್ನೊಬ್ಬನ ಖಾತೆಗೆ ಬರೆಯಬಲ್ಲದು.

ರೀಡನ ಕೆಳಗೂ ಒಂದು ಸ್ತರವಿದೆ. ಹೊಲದ ಎಲ್ಲೆ, ಮಣ್ಣಿನ ಗುಣ, ಬೆಳೆ, ಜಾತಿ, ಕುಲಾಚಾರ ಮೊದಲಾದ ವಿವರಗಳನ್ನು ಸೇನಾಧಿಕಾರಿಗಳು ತಾವೇ ಕಂಡುಹಿಡಿಯಲು ಸಾಧ್ಯವಿರಲಿಲ್ಲ. ಅವು ಊರಿನ ಶಾನುಭೋಗರ, ಕರಣಂಗಳ, ಪಟೇಲರ, ಹಿರಿಯರ ಬಾಯಿಂದಲೂ ಕಡತಗಳಿಂದಲೂ ಬಂದವು. ಕನ್ನಡ, ತೆಲುಗು, ತಮಿಳುಗಳಲ್ಲಿ ಹೇಳಿದ್ದು ಇಂಗ್ಲಿಷಿನ ವರದಿಯಾಗುವಷ್ಟರಲ್ಲಿ ಹೇಳಿದವರ ಹೆಸರುಗಳು ಬಹುಪಾಲು ಕಳಚಿಹೋದವು. ಇಂದಿನ ವಿದ್ಯಾರ್ಥಿ ಅದೇ ವರದಿಯನ್ನು ಮತ್ತೆ ಕನ್ನಡಕ್ಕೆ ತರುವಾಗ ಇಂಗ್ಲಿಷ್ ವರದಿಯ ಹೆಸರನ್ನೂ ಕೈಬಿಟ್ಟರೆ, ಒಂದೇ ಮಾಹಿತಿ ಎರಡು ಬಾರಿ ಅನಾಥವಾಗುತ್ತದೆ.

ಹೆಸರಿಸಿದವರು, ಹೆಸರು ಕಳೆದುಕೊಂಡವರು

ಅದೇ ಕಾಲದ ಮತ್ತೊಂದು ನಿದರ್ಶನ ಇದಕ್ಕೆ ಭಿನ್ನವಾಗಿದೆ. 1799ರ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆ ನಡೆಸಿದ ಕಾಲಿನ್ ಮೆಕೆಂಜಿಗೆ ದೇಶಭಾಷೆಗಳಲ್ಲಿ ಸ್ವತಂತ್ರವಾಗಿ ವ್ಯವಹರಿಸುವ ಶಕ್ತಿ ಇರಲಿಲ್ಲ. ಕೈಫಿಯತ್ತುಗಳನ್ನೂ ಶಾಸನಗಳನ್ನೂ ವಂಶಾವಳಿಗಳನ್ನೂ ಸಂಗ್ರಹಿಸಿ ಓದಿಕೊಟ್ಟವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಮೊದಲಾದವರು. ಹಳಗನ್ನಡ ಶಾಸನಗಳ ಓದಿಗೆ ನೆರವಾದವನು ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯ. 1803ರಲ್ಲಿ ತೀರಿಕೊಂಡ ಬೋರಯ್ಯನೇ ತನಗೆ ಭಾರತೀಯ ಜ್ಞಾನದ ಬಾಗಿಲು ತೆರೆದವನೆಂದು ಮೆಕೆಂಜಿ 1817ರ ಪತ್ರದಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ಇವರ ಹೆಸರುಗಳು ಇಂದಿಗೂ ಉಳಿದಿರುವುದಕ್ಕೆ ಇಂಥ ಸ್ಮರಣೆಯೇ ಕಾರಣ. ಆದರೆ ಹೆಸರಿಸಿದಷ್ಟರಿಂದ ಮಾನ್ಯತೆ ಸಿಕ್ಕಿತೆಂದಲ್ಲ. 1821ರಲ್ಲಿ ಮೆಕೆಂಜಿ ತೀರಿಕೊಂಡ ಮೇಲೆ ಆ ಕೆಲಸವನ್ನು ತಾನು ಮುಂದುವರಿಸುವುದಾಗಿ ಲಕ್ಷ್ಮಯ್ಯ ಮಾಡಿದ ಮನವಿಗೆ, ದೇಶೀಯನೊಬ್ಬ ಅಂಥ ಹೊಣೆಗೆ ಸಾಲನೆಂಬ ಧೋರಣೆಯೇ 1836ರಲ್ಲಿ ಏಷ್ಯಾಟಿಕ್ ಸೊಸೈಟಿಯ ಕಡೆಯಿಂದ ಉತ್ತರವಾಗಿ ಬಂತು.

ಭಾಷಾವಿಜ್ಞಾನದ ಚರಿತ್ರೆಯಲ್ಲಿಯೂ ಇಂಥದೇ ಪ್ರಸಂಗವಿದೆ. ಮದರಾಸಿನ ಕಲೆಕ್ಟರನಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ, ಕ್ಯಾಂಬೆಲನ ತೆಲುಗು ವ್ಯಾಕರಣದ ಪೀಠಿಕೆಗೆ ಬರೆದ ಟಿಪ್ಪಣಿಯಲ್ಲಿ, ತೆಲುಗು, ತಮಿಳು, ಕನ್ನಡ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಈ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು ತೋರಿಸಿದನು. ಧಾತುಪಟ್ಟಿಗಾಗಿ ಪಟ್ಟಾಭಿರಾಮ ಶಾಸ್ತ್ರಿಯನ್ನು, ತೆಲುಗಿನ ಪದವರ್ಗಗಳ ವಿಚಾರಕ್ಕಾಗಿ ಮಾಮಡಿ ವೆಂಕಯ್ಯನನ್ನು ಹೆಸರಿಸಿಯೇ ಬಳಸಿಕೊಂಡನು. ನಲವತ್ತು ವರ್ಷಗಳ ಬಳಿಕ, 1856ರಲ್ಲಿ, ರಾಬರ್ಟ್ ಕಾಲ್ಡ್‌ವೆಲ್ಲನ ತೌಲನಿಕ ವ್ಯಾಕರಣ ಹೊರಬಂದಿತು. ಕಾಲ್ಡ್‌ವೆಲ್ ಎಲ್ಲಿಸನ ಹೆಸರನ್ನು ಪೂರ್ತಿಯಾಗಿ ಮರೆತವನಲ್ಲ. ಆದರೂ ಶೋಧದ ಕೀರ್ತಿ ಲೋಕದ ದೃಷ್ಟಿಯಲ್ಲಿ ಹೆಚ್ಚಾಗಿ ಅವನಿಗೇ ಸಂದಿತು. ಎಲ್ಲಿಸನನ್ನೂ ಅವನ ಹಿಂದಿದ್ದ ಪಂಡಿತರನ್ನೂ ಮತ್ತೆ ಮುನ್ನೆಲೆಗೆ ತಂದದ್ದು ಥಾಮಸ್ ಟ್ರೌಟ್‌ಮನ್ ಅವರ 2006ರ ಗ್ರಂಥ. ಎಲ್ಲಿಸ್ ಹೆಸರುಗಳನ್ನು ದಾಖಲಿಸದಿದ್ದರೆ ಸುಮಾರು ಎರಡು ಶತಮಾನಗಳ ನಂತರ ಈ ಪುನಃಸ್ಥಾಪನೆ ಸಾಧ್ಯವೇ ಆಗುತ್ತಿರಲಿಲ್ಲ. ಅಡಿಟಿಪ್ಪಣಿಯು ಬರೆದ ಕಾಲದ ಸೌಜನ್ಯ ಮಾತ್ರವಲ್ಲ. ಮುಂದೆಂದೋ ನ್ಯಾಯ ಕೇಳಲು ಬರುವವರಿಗೆ ಉಳಿಸಿಟ್ಟ ಸಾಕ್ಷ್ಯವೂ ಹೌದು.

ಹಳೆಯ ಪರಂಪರೆಯ ವಿವೇಕ

ಆಕರ ನಿರ್ದೇಶನ ಪಶ್ಚಿಮದಿಂದ ಬಂದ ಕಟ್ಟಳೆ, ನಮ್ಮ ಪರಂಪರೆಯಲ್ಲಿ ಎಲ್ಲವೂ ಎಲ್ಲರದು ಎಂಬ ಮಾತನ್ನು ಕೆಲವೊಮ್ಮೆ ಸಮರ್ಥನೆಯಾಗಿ ಮುಂದಿಡುವುದುಂಟು. ಸಾಕ್ಷ್ಯಗಳು ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. ತಾಳಗುಂದದ ಸ್ತಂಭಶಾಸನ ತನ್ನ ಕವಿ ಕುಬ್ಜನ ಹೆಸರನ್ನು ಹೇಳುತ್ತದೆ. 634ರ ಐಹೊಳೆ ಶಾಸನ ರವಿಕೀರ್ತಿಯ ಹೆಸರನ್ನು ಹೇಳುತ್ತದೆ. ರಚಿಸಿದವನು, ಬರೆದವನು, ಕಂಡರಿಸಿದವನು ಎಂದು ಬೇರೆ ಬೇರೆ ಹೆಸರುಗಳನ್ನು ಕೊಡುವ ಕನ್ನಡ ಶಾಸನಗಳು ಹಲವು. ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಗದ್ಯ ಪದ್ಯ ಲೇಖಕರನ್ನು ಹೆಸರಿಸುತ್ತದೆ. ಆ ಹೆಸರುಗಳಿಲ್ಲದಿದ್ದರೆ ಒಂಬತ್ತನೆಯ ಶತಮಾನಕ್ಕೆ ಹಿಂದಿನ ಕನ್ನಡ ಸಾಹಿತ್ಯದ ಬಗೆಗೆ ಹೇಳಬಹುದಾದದ್ದು ಇನ್ನಷ್ಟು ಕಡಿಮೆಯಾಗುತ್ತಿತ್ತು.

ಅದೇ ‘ಕವಿರಾಜಮಾರ್ಗ’ ದಂಡಿಯ ‘ಕಾವ್ಯಾದರ್ಶ’ದಿಂದ ಬಹಳಷ್ಟನ್ನು ಪಡೆದಿದೆ. ಅದನ್ನು ಇಂದಿನ ನಿಯಮದಿಂದ ಕೃತಿಚೌರ್ಯವೆಂದು ಕರೆಯುವುದು ಕಾಲದೋಷವಾದೀತು. ಶಾಸ್ತ್ರಗ್ರಂಥಗಳಲ್ಲಿ ಪೂರ್ವಸೂರಿಗಳ ಲಕ್ಷಣಗಳನ್ನು ಮರುಬಳಸುವುದು ಓದುಗರೂ ಬಲ್ಲ ಸಂಪ್ರದಾಯವಾಗಿತ್ತು. ಆದರೂ ಕೊಳ್ಳುವುದರಲ್ಲಿ ಬಗೆಗಳಿವೆ ಎಂಬ ಎಚ್ಚರ ಆಗಲೂ ಇತ್ತು. ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಕಾವ್ಯಗಳ ಸಾಮ್ಯವನ್ನು ಪ್ರತಿಬಿಂಬದಂತಹುದು, ಚಿತ್ರದಂತಹುದು, ಬೇರೊಬ್ಬ ದೇಹಿಯಂತಹುದು ಎಂದು ಮೂರಾಗಿ ವಿಂಗಡಿಸಿ, ಮೊದಲೆರಡನ್ನು ಬಿಡಬೇಕೆಂದೂ ಮೂರನೆಯದು ಸ್ವೀಕಾರ್ಯವೆಂದೂ ಹೇಳಿದನು. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಶಬ್ದಹರಣ, ಅರ್ಥಹರಣಗಳಿಗೇ ಅಧ್ಯಾಯಗಳನ್ನು ಮೀಸಲಿಟ್ಟನು. ಪದಗಳನ್ನು ಬದಲಾಯಿಸಿದರೆ ಸಾಕು, ಸ್ವಂತದ್ದಾಗುತ್ತದೆ ಎಂಬ ಇಂದಿನ ವಿದ್ಯಾರ್ಥಿಯ ನಂಬಿಕೆಗೆ ಉತ್ತರ ಈ ಗ್ರಂಥಗಳಲ್ಲೇ ಇದೆ. ಪ್ರತಿಬಿಂಬಕ್ಕೆ ತನ್ನದೇ ಆದ ಜೀವವಿಲ್ಲ.

ಭಾಷೆ ಬದಲಾದರೆ ಒಡೆತನ ಬದಲಾಗದು

ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು ಭಾಗದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರ ಮುಂದಿನ ಆಕರಗಳು ಹೆಚ್ಚಾಗಿ ಕನ್ನಡದಲ್ಲಿಲ್ಲ. 1883ರ ಲೆ ಫಾನುವಿನ ಸೇಲಂ ಜಿಲ್ಲಾ ಕೈಪಿಡಿ, 1918ರ ರಿಚರ್ಡ್ಸ್‌ನ ಗೆಜೆಟಿಯರ್ ಇಂಗ್ಲಿಷಿನಲ್ಲಿವೆ. ತಮಿಳುನಾಡಿನ ಪುರಾತತ್ವ ಇಲಾಖೆ ಪ್ರಕಟಿಸಿದ ಶಾಸನ ಸಂಪುಟಗಳು ತಮಿಳಿನಲ್ಲಿವೆ. ಕೇಂದ್ರ ಶಾಸನ ವಿಭಾಗದ ವಾರ್ಷಿಕ ವರದಿಗಳು ಮತ್ತೆ ಇಂಗ್ಲಿಷಿನಲ್ಲಿವೆ. ಆದ್ದರಿಂದ ಇಲ್ಲಿನ ವಿದ್ಯಾರ್ಥಿ ಮೊದಲಿಗೆ ಅನುವಾದಕ. ಇಲ್ಲಿಯ ಕೃತಿಚೌರ್ಯವೂ ಬಹುಮಟ್ಟಿಗೆ ಅನುವಾದದ ಮರೆಯಲ್ಲೇ ನಡೆಯುತ್ತದೆ. ತಮಿಳಿನ ಎರಡು ಪುಟಗಳನ್ನು ಕನ್ನಡಕ್ಕೆ ತಂದವನಿಗೆ ತಾನು ನಕಲು ಮಾಡಿದೆನೆಂದು ಅನ್ನಿಸುವುದಿಲ್ಲ, ಏಕೆಂದರೆ ಅವನು ನಿಜವಾಗಿಯೂ ಶ್ರಮಪಟ್ಟಿದ್ದಾನೆ. ಆದರೆ ಶ್ರಮ ಅನುವಾದದ್ದು, ಶೋಧ ಬೇರೊಬ್ಬರದು. ಎರಡನ್ನೂ ಬೇರ್ಪಡಿಸಿ ತೋರಿಸಿದಾಗ ಅವನ ಶ್ರಮಕ್ಕೂ ಗೌರವ ಸಲ್ಲುತ್ತದೆ.

ಮುಚ್ಚಿಟ್ಟ ಅನುವಾದ ತಪ್ಪುಗಳನ್ನೂ ಮುಚ್ಚಿಡುತ್ತದೆ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ. ‘ಏರಿ ಕಟ್ಟಿಸಿದ’ ಎಂಬ ಮಾತು ಹಾಗೆಯೇ ಕನ್ನಡಕ್ಕೆ ದಾಟಿದರೆ ಹೊಸ ಕೆರೆಯ ನಿರ್ಮಾಣ ಹಳೆಯ ಕೆರೆಯ ಕಟ್ಟೆಯ ಕೆಲಸವಾಗಿ ಕುಗ್ಗುತ್ತದೆ. ನೀರಾವರಿಯ ಚರಿತ್ರೆಯಲ್ಲಿ ಇವೆರಡೂ ಬೇರೆ ಬೇರೆ ಘಟನೆಗಳು. ಆಕರ ಕೊಟ್ಟಿದ್ದರೆ ದ್ವಿಭಾಷಿಕ ಓದುಗನೊಬ್ಬ ಮೂಲವನ್ನು ನೋಡಿ ತಿದ್ದಿಯಾನು. ಕೊಡದಿದ್ದರೆ ತಪ್ಪೇ ಮುಂದಿನ ಪ್ರಬಂಧಕ್ಕೆ ಆಕರವಾಗುತ್ತದೆ. ‘ವೀರಗಲ್ಲು’ ಎಂದು ಬರೆಯುತ್ತಿದ್ದ ಪ್ರಬಂಧ ಇದ್ದಕ್ಕಿದ್ದಂತೆ ‘ನಡುಗಲ್’ ಎನ್ನತೊಡಗಿದರೆ, ಅಲ್ಲಿಂದಾಚೆಗೆ ತಮಿಳು ಕೃತಿಯೊಂದು ಮಾತನಾಡುತ್ತಿದೆ ಎಂದು ಅನುಭವಿ ಪರೀಕ್ಷಕರಿಗೆ ತಿಳಿಯುತ್ತದೆ. ಚೋಳರ ಶಾಸನಗಳ ಆಳ್ವಿಕೆಯ ವರ್ಷವನ್ನು ಕ್ರಿಸ್ತಶಕಕ್ಕೆ ಹೊಂದಿಸುವ ಲೆಕ್ಕವೂ ಹೀಗೆಯೇ. ಅದು ಸಂಪಾದಕರ ನಿರ್ಣಯ, ಕಲ್ಲಿನ ಮೇಲಿನ ಮಾತಲ್ಲ. ಸಂಪಾದಕರನ್ನು ಹೆಸರಿಸದೆ ಇಸವಿಯನ್ನು ಮಾತ್ರ ಬರೆದರೆ ಊಹೆಯೊಂದು ಶಾಸನೋಕ್ತಿಯಾಗಿ ನಿಲ್ಲುತ್ತದೆ.

ಜಿಲ್ಲೆಯ ಹೆಸರೂ ಇಲ್ಲಿ ಎಚ್ಚರ ಬೇಡುತ್ತದೆ. ಹೊಸೂರಿನ ಹಳ್ಳಿಯೊಂದು 1965ರವರೆಗೆ ಸೇಲಂ ಜಿಲ್ಲೆಯಲ್ಲಿ, ಆಮೇಲೆ ಧರ್ಮಪುರಿ ಜಿಲ್ಲೆಯಲ್ಲಿ, 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿ ಇದೆ. ಒಂದೇ ಶಾಸನ ಮೂರು ಕಾಲದ ಪುಸ್ತಕಗಳಲ್ಲಿ ಮೂರು ಜಿಲ್ಲೆಗಳ ಹೆಸರಿನಲ್ಲಿ ಬರಬಹುದು. ಪ್ರಕಟಣೆಯ ವರ್ಷ, ವರದಿಯ ಕ್ರಮಸಂಖ್ಯೆ, ತಾಲ್ಲೂಕು, ಗ್ರಾಮಗಳನ್ನು ಕೊಡದ ಪ್ರಬಂಧದಲ್ಲಿ ಒಂದು ಕಲ್ಲು ಮೂರು ಕಲ್ಲುಗಳಾಗುವ ಅಪಾಯವಿದೆ.

ಐತಿಹ್ಯ ಇತಿಹಾಸವಾಗುವುದೂ ಹೀಗೆಯೇ. ‘ಬಾರಾಮಹಲ್’ ಎಂದರೆ ಹನ್ನೆರಡು ಮಹಲುಗಳು. ಅವು ಅರಮನೆಗಳೋ ಕೋಟೆಗಳೋ ಕಂದಾಯದ ವಿಭಾಗಗಳೋ ಎಂಬಲ್ಲಿ ಭಿನ್ನಾಭಿಪ್ರಾಯಗಳಿವೆ. ಪೆನುಕೊಂಡೆಯ ರಕ್ಷಣೆಗಾಗಿ ಜಗದೇವರಾಯನಿಗೆ ಈ ಸೀಮೆ ಬಹುಮಾನವಾಗಿ ಬಂತು, ಅವನು ಹನ್ನೆರಡು ಕೋಟೆಗಳನ್ನು ಕಟ್ಟಿಸಿದ ಎಂಬುದು ಜನಪ್ರಿಯ ವಿವರಣೆ. ‘ಎಂಬ ಐತಿಹ್ಯವಿದೆ, ಇಂಥವರು ದಾಖಲಿಸಿದ್ದಾರೆ’ ಎಂಬ ಎರಡು ಮಾತುಗಳು ಬಿದ್ದುಹೋದ ಕ್ಷಣದಲ್ಲಿ ಅದು ಸಿದ್ಧ ಸತ್ಯವಾಗಿ ಪ್ರಬಂಧದಿಂದ ಪ್ರಬಂಧಕ್ಕೆ ಹರಿಯತೊಡಗುತ್ತದೆ.

ನಿಯಮ ಹೇಳುವುದು, ನಿಯಮಕ್ಕೆ ಸಿಗದಿರುವುದು

ವಿಶ್ವವಿದ್ಯಾಲಯ ಅನುದಾನ ಆಯೋಗ 2018ರ ಜುಲೈಯಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕೃತಿಚೌರ್ಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಸಾಮ್ಯ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. ಶೇ. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರಬಂಧವನ್ನು ಸಲ್ಲಿಸುವಂತಿಲ್ಲ. ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಸರಿಯಾದ ನಿರ್ದೇಶನವಿರುವ ಉದ್ಧರಣೆ, ಗ್ರಂಥಸೂಚಿ, ಮುನ್ನುಡಿ ಇತ್ಯಾದಿಗಳು ಹಾಗೂ ಸತತ 14 ಪದಗಳವರೆಗಿನ ಸಾಮಾನ್ಯ ಜ್ಞಾನದ ಮಾತುಗಳು ಈ ಎಣಿಕೆಯಿಂದ ಹೊರಗಿವೆ.

ಯಂತ್ರ ಎಣಿಸುವುದು ಪದಗಳ ಸಾಮ್ಯವನ್ನು. ತಮಿಳಿನಿಂದ ಕನ್ನಡಕ್ಕೆ ಬಂದ ಪುಟದಲ್ಲಿ ಸಮಾನ ಪದಗಳೇ ಇರುವುದಿಲ್ಲ. ಹಳೆಯ ಕನ್ನಡ ಪುಸ್ತಕಗಳು ಬಹುಪಾಲು ಗಣಕಯಂತ್ರದಲ್ಲಿ ಹುಡುಕಬಲ್ಲ ರೂಪದಲ್ಲಿಲ್ಲ. ಹಾಗಾಗಿ ಇಡಿಯಾಗಿ ಅನುವಾದಿತವಾದ ಅಧ್ಯಾಯವೊಂದು ಅತ್ಯಲ್ಪ ಶೇಕಡಾವಾರಿನೊಂದಿಗೆ ಪಾರಾಗಬಹುದು. ಆದರೆ ಅದೇ ನಿಯಮಾವಳಿ ಕೃತಿಚೌರ್ಯವನ್ನು ವ್ಯಾಖ್ಯಾನಿಸುವಾಗ ಇನ್ನೊಬ್ಬರ ಕೃತಿಯ ಜೊತೆಗೆ ವಿಚಾರವನ್ನೂ ಹೆಸರಿಸುತ್ತದೆ. ಯಂತ್ರಕ್ಕೆ ಕಾಣದ್ದು ವ್ಯಾಖ್ಯಾನದಿಂದ ಹೊರಗುಳಿಯುವುದಿಲ್ಲ. ಎರಡೂ ಭಾಷೆಗಳನ್ನು ಬಲ್ಲ ಮಾರ್ಗದರ್ಶಕರ ಹೊಣೆ ಇಲ್ಲಿ ಹೆಚ್ಚುತ್ತದೆ.

ಗಡಿನಾಡಿನ ಪ್ರಬಂಧಕ್ಕೆ ಬೇಕಾದ ಶಿಸ್ತು ಕಷ್ಟದ್ದಲ್ಲ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಮೂಲದ ಮಾತನ್ನು ಮೂಲಲಿಪಿಯಲ್ಲಿ, ತನ್ನ ಅನುವಾದವನ್ನು ಬೇರೆಯಾಗಿ, ತನ್ನ ಅಭಿಪ್ರಾಯವನ್ನು ಮತ್ತೂ ಬೇರೆಯಾಗಿ ಬರೆದಿಡಬೇಕು. ನಕಲು ಬಹುಪಾಲು ಹುಟ್ಟುವುದು ಇವು ಮೂರೂ ಬೆರೆತ ನೋಟುಪುಸ್ತಕದಲ್ಲಿ. ಅನುವಾದಿಸಿದ ಕಡೆ ‘ಅನುವಾದ ಪ್ರಬಂಧಕಾರರದು’ ಎಂದು ಸೂಚಿಸಬೇಕು. ತಾನು ನೋಡದ ಮೂಲವನ್ನು ನೋಡಿದಂತೆ ನಿರ್ದೇಶಿಸಬಾರದು. ರಿಚರ್ಡ್ಸ್‌ನಲ್ಲಿ ಓದಿದ ರೀಡನ ಮಾತಿಗೆ ರಿಚರ್ಡ್ಸ್‌ನ ಪುಟವನ್ನೂ ಕೊಟ್ಟು ‘ಅಲ್ಲಿ ಉದ್ಧೃತ’ ಎನ್ನಬೇಕು. ಎರವಲು ಅಡಿಟಿಪ್ಪಣಿಯೂ ಕೃತಿಚೌರ್ಯದ ಒಂದು ರೂಪವೇ. ಕ್ಷೇತ್ರಕಾರ್ಯದಲ್ಲಿ ಮಾತನಾಡಿದ ಹಿರಿಯರ ಹೆಸರು, ಊರು, ದಿನಾಂಕ, ಅವರು ಹೇಳಿದ ಭಾಷೆ ಇವುಗಳನ್ನು ಅವರ ಒಪ್ಪಿಗೆ ಪಡೆದು ದಾಖಲಿಸಬೇಕು. ಹೆಸರು ಬೇಡವೆಂದರೆ ಊರನ್ನೂ ಭಾಷೆಯನ್ನೂ ಆದರೂ ದಾಖಲಿಸಬೇಕು. ಬಾರಾಮಹಲಿನ ಶಾನುಭೋಗನಿಗೆ ದೊರೆಯದೆ ಹೋದದ್ದು ತಳಿಯ ಅಜ್ಜಿಗಾದರೂ ದೊರೆಯಬೇಕು.

ಭಾಷಾ ಅಲ್ಪಸಂಖ್ಯಾತರ ಮಟ್ಟಿಗೆ ಇದರಲ್ಲಿ ಇನ್ನೂ ಒಂದು ಹಿತಾಸಕ್ತಿಯಿದೆ. ಹೊಸೂರು ಯಾರದು ಎಂಬ ವಾದ ಎದ್ದಾಗಲೆಲ್ಲ ಶಾಸನಗಳೂ ಜನಗಣತಿಗಳೂ ಊರಹೆಸರುಗಳೂ ಸಾಕ್ಷಿಗೆ ಬರುತ್ತವೆ. ಆಕರವಿಲ್ಲದ ಅಂಕಿಯನ್ನು ಎದುರು ಪಕ್ಷ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದು. ಅದರೊಂದಿಗೆ ನಿಜವಾದ ಸಾಕ್ಷ್ಯವೂ ಬಿದ್ದುಹೋಗುತ್ತದೆ. ಆಕರವನ್ನು ಪ್ರಾಮಾಣಿಕವಾಗಿ ಕೊಟ್ಟಾಗ ಮತ್ತೊಂದು ಸಂಗತಿಯೂ ಬೆಳಕಿಗೆ ಬರುತ್ತದೆ. ಇಲ್ಲಿನ ಕನ್ನಡ ಚರಿತ್ರೆಯ ಎಷ್ಟೋ ಪುಟಗಳು ತಮಿಳು ವಿದ್ವಾಂಸರ ಶ್ರಮದಿಂದ ತೆರೆದಿವೆ. 1905ರಲ್ಲಿ ಹೊರಬಂದ ರೈಸ್‌ನ ಬೆಂಗಳೂರು ಮತ್ತು ಕೋಲಾರ ಶಾಸನ ಸಂಪುಟಗಳಲ್ಲಿ ತಮಿಳು ಶಾಸನಗಳು ಹೇರಳವಾಗಿವೆ. ನೆರೆಯವರ ಋಣವನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಂಡ ಪ್ರಬಂಧ ಗಡಿಯ ಎರಡೂ ಕಡೆ ವಿಶ್ವಾಸಾರ್ಹವಾಗುತ್ತದೆ. ಅಂಥ ಪ್ರಬಂಧದಲ್ಲಿ ‘ರೈತವಾರಿ ಪದ್ಧತಿ’ಯ ವಾಕ್ಯ ಮನ್ರೋನ ಜೊತೆಗೆ ರೀಡನನ್ನೂ ಬಾರಾಮಹಲನ್ನೂ ಹೆಸರಿಸುತ್ತದೆ, ಕೆಳಗೆ ಅದರ ಆಕರವಿರುತ್ತದೆ.